ಬದಲಿ ಸವಾರ ಬಂದ್ರೆ ಗೆಲ್ಲೋ ಚಾನ್ಸ್ ಎಷ್ಟು? ಒಂದು ತಿಂಗಳ ಕಾಫಿ ಪಂದ್ಯ ಕಟ್ಟಿದ್ದೀನಿ, ಬಗೆಹರಿಸಿ

ಚಿಕನ್‌ಸ್ಟ್ರಿಪ್ ಚಂದ್ರು
ಎಲ್ರಿಗೂ ನಮಸ್ಕಾರ. ನಂಗೂ ನನ್ನ ಆಫೀಸ್ ಗೆಳೆಯನಿಗೂ ಒಂದು ತಿಂಗಳಿಂದ ಜಗಳ ನಡೀತಿದೆ.

2025ರ ಅಕ್ಟೋಬರ್ 5ಕ್ಕೆ ಮಂಡಲಿಕಾ ಮೋಟೋ ಜಿಪಿ ಬೈಕ್ ರೇಸಲ್ಲಿ ಇನ್ನೊಬ್ಬ ಸವಾರ ಬೆಜ್ಜೆಕಿ ತಾಗಿ ಡುಕಾಟಿಯ ಮಾರ್ಕ್ ಮಾರ್ಕೆಜ್ ಬಿದ್ದು ಬಲ ಭುಜಕ್ಕೆ ಪೆಟ್ಟು ಮಾಡ್ಕೊಂಡ, ಗೊತ್ತಲ್ಲ. ಚಾಂಪಿಯನ್ ಆಗಿ ಒಂದು ವಾರ ಆಗಿತ್ತಷ್ಟೇ. ಆಮೇಲೆ ಫಿಲಿಪ್ ಐಲ್ಯಾಂಡ್‌ಗೂ ಸೆಪಾಂಗ್‌ಗೂ ಡುಕಾಟಿಯವರು ತಮ್ಮ ಟೆಸ್ಟ್ ಸವಾರ ಮಿಕೆಲೆ ಪಿರೋನ ಕೂರಿಸಿದ್ರು. ಕಡೇ ಎರಡು ರೇಸಿಗೆ ಸೂಪರ್‌ಬೈಕ್ ಅನ್ನೋ ಬೇರೆ ರೇಸ್ ಸರಣಿಯಿಂದ ನಿಕೊಲೊ ಬುಲೆಗಾನ ಕರೆಸಿದ್ರು. ನಿನ್ನೆ ಪೋರ್ಟಿಮಾವ್‌ನಲ್ಲಿ 15ನೇ ಸ್ಥಾನ, ಒಂದೇ ಒಂದು ಅಂಕ.

ಈ ವರ್ಷ 11 ಭಾನುವಾರ ಗೆದ್ದಿರೋ ಬೈಕ್ ಸ್ವಾಮಿ ಅದು! ಗೆಳೆಯ ಹೇಳ್ತಾನೆ, "ಬದಲಿ ಬಂದವನು ಯಾವತ್ತೂ ಗೆಲ್ಲಲ್ಲ, ಸುಮ್ನೆ ಜಾಗ ತುಂಬ್ಸೋಕೆ ಬರ್ತಾನೆ" ಅಂತ. ನಾನು ಬದಲಿಯಾಗಿ ಬಂದು ಗೆದ್ದ ಟ್ರಾಯ್ ಬೇಲಿಸ್ ಹೆಸರು ಹೇಳ್ದೆ. ಅವನು "ಅದೊಂದು ಬಿಟ್ಟು ಇನ್ನೊಂದು ಹೇಳು" ಅಂದ. ನಂಗೆ ಬಾಯಿ ಕಟ್ಟೋಯ್ತು. ಯಾರಾದ್ರೂ ಇದ್ದಾರಾ?

ಹುಬ್ಳಿ ಹ್ಯಾಂಡಲ್‌ಬಾರ್
ಇಲ್ರಿ. ಕಾಫಿ ರೊಕ್ಕ ಎಣಿಸಿ ಇಡ್ರಿ.

ಗ್ರಾವೆಲ್ ಟ್ರ್ಯಾಪ್
ಮೋಟೋ ಜಿಪಿ ಅನ್ನೋ ಹೆಸರು ಬಂದ 2002ರಿಂದ ಈಚೆ ಬೇಲಿಸ್ ಒಬ್ಬನೇ. ಅದೂ 2006ರಲ್ಲಿ. ಹತ್ತೊಂಬತ್ತು ವರ್ಷ ಆಯ್ತು ಗುರು. ಆಗ ಹುಟ್ಟಿದ ಮಗು ಈಗ ಎರಡನೇ ವರ್ಷದ ಡಿಗ್ರಿ.

ಅಪೆಕ್ಸ್ ಅನುಪಮಾ
ಬೇಲಿಸ್ ಕಥೆಯನ್ನ ಎಲ್ರೂ ಪವಾಡದ ಥರ ಹೇಳ್ತಾರೆ, ಅದೇ ನಂಗೆ ಆಗಲ್ಲ. ಬಿಡಿಸಿ ನೋಡಿದ್ರೆ ಪವಾಡ ಏನೂ ಕಾಣಲ್ಲ.

2006ರ ಜೂನ್‌ನಲ್ಲಿ ಬಾರ್ಸಿಲೋನಾ ಮೊದಲ ತಿರುವಲ್ಲೇ ರಾಶಿ ಬಿದ್ದರಲ್ಲ, ಅದರಲ್ಲಿ ಡುಕಾಟಿಯ ಸೆಟೆ ಜಿಬರ್ನೌಗೆ ಕಾಲರ್ ಬೋನ್ ಹೋಯ್ತು. ಆಗ ಬದಲಿಗೆ ಬಂದಿದ್ದು ಅಲೆಕ್ಸ್ ಹಾಫ್‌ಮನ್. ಅದೇ ಬೈಕು, ಅದೇ ವರ್ಷ. ಪೋಡಿಯಂ ಹತ್ರಾನೂ ಸುಳೀಲಿಲ್ಲ, ಹಾಗಾಗಿ ಅವನ ಹೆಸರು ಯಾರಿಗೂ ನೆನಪಿಲ್ಲ. ಜಿಬರ್ನೌ ವಾಪಸ್ ಬಂದ, ಎಸ್ಟೋರಿಲ್‌ನಲ್ಲಿ ಮತ್ತೆ ಪೆಟ್ಟು. ಉಳಿದಿದ್ದು ಅಕ್ಟೋಬರ್ 29ರ ವೆಲೆನ್ಸಿಯಾ ಒಂದೇ. ಆಗ ಬೇಲಿಸ್‌ಗೆ ಫೋನು.

ಬೇಲಿಸ್ ಯಾರು? ಆ ವರ್ಷದ ವರ್ಲ್ಡ್ ಸೂಪರ್‌ಬೈಕ್ ಚಾಂಪಿಯನ್. 2003, 2004ರಲ್ಲಿ ಡುಕಾಟಿ ಮೋಟೋ ಜಿಪಿ ಬೈಕೇ ಓಡಿಸಿದ್ದವನು. 2005ರಲ್ಲಿ ಹೋಂಡಾ. ಅಂದ್ರೆ ಬೈಕಿನ ಸ್ವಭಾವ ಗೊತ್ತು, ಟ್ರ್ಯಾಕ್ ಗೊತ್ತು, ಸೀಸನ್ ಮುಗಿಸಿ ಫಾರ್ಮ್‌ನಲ್ಲಿದ್ದಾನೆ. ಅದಕ್ಕಿಂತ ದೊಡ್ಡದು, ತನ್ನ ಸೂಪರ್‌ಬೈಕ್ ಹುಡುಗರನ್ನೇ ಜೊತೆಗೆ ಕರ್ಕೊಂಡು ಬರ್ತೀನಿ ಅಂತ ಷರತ್ತು ಹಾಕಿದ. ಅರ್ಹತಾ ಸುತ್ತಲ್ಲಿ ರೋಸಿ ಪಕ್ಕದಲ್ಲೇ ಎರಡನೇ ಜಾಗ. ಭಾನುವಾರ ಮೊದಲ ಲ್ಯಾಪಿಂದ ಮುಂದೆ ಹೋದವನು ತಿರುಗಿ ನೋಡ್ಲಿಲ್ಲ. ಕಪಿರೋಸಿ ಎರಡನೇದು, ನಿಕಿ ಹೇಡನ್ ಮೂರನೇದು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಅವತ್ತು ಇಡೀ ಜಗತ್ತು ನೋಡ್ತಿದ್ದಿದ್ದು ರೋಸಿ ಮತ್ತೆ ಹೇಡನ್‌ನ. ಎಂಟು ಅಂಕ ಮುಂದಿದ್ದ ರೋಸಿ ಬಿದ್ದು ಎದ್ದು 13ನೇ ಬಂದ, ಹೇಡನ್ ಐದು ಅಂಕದಲ್ಲಿ ಚಾಂಪಿಯನ್. ಅವರಿಬ್ಬರಿಗೂ ಅಂಕದ ಲೆಕ್ಕ, ಬೇಲಿಸ್‌ಗೆ ಯಾವ ಲೆಕ್ಕವೂ ಇಲ್ಲ.

ಹುಬ್ಳಿ ಹ್ಯಾಂಡಲ್‌ಬಾರ್
ಅಕ್ಕಾರ, ಅದನ್ನs ಪವಾಡ ಅಂತಾರ್ರಿ. ಎಲ್ಲಾ ಕೂಡಿ ಬರೂದಕ್ಕ.

ಯೆಜ್ಡಿ ಮಾಮ, ಮೈಸೂರು
ನಾನು ರೇಸ್ ನೋಡೋದು ಕಮ್ಮಿ, ಆದ್ರೆ ಬೇರೆಯವರ ಗಾಡಿ ಹತ್ತೋ ಕಷ್ಟ ಗೊತ್ತು. ನಂದು ಮೊದಲಿಂದ ಯೆಜ್ಡಿ. ತೊಂಬತ್ತರ ಸುಮಾರಲ್ಲಿ ಒಂದು ದಿನ ಭಾವಮೈದುನನ ಹಳೇ ಬುಲೆಟ್ ತಗೊಂಡು ನಂಜನಗೂಡಿಗೆ ಹೊರಟೆ. ಹಳೇ ಬುಲೆಟ್ ಅಂದ್ರೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಗೇರ್ ಲೆಕ್ಕವೂ ಉಲ್ಟಾ, ಮೊದಲನೇದು ಮೇಲಕ್ಕೆ. ತಲೆಗೆ ಗೊತ್ತಿತ್ತು ಕಣಪ್ಪ, ಹೊರಡೋಕೆ ಮುಂಚೆ ಹತ್ತು ಸಲ ಬಾಯಲ್ಲಿ ಹೇಳ್ಕೊಂಡೆ. ರೈಲ್ವೆ ಗೇಟ್ ಹತ್ರ ಎಮ್ಮೆ ಅಡ್ಡ ಬಂತು. ಬಲಗಾಲು ತನ್ನ ಪಾಡಿಗೆ ತಾನು ಒತ್ತೇ ಬಿಡ್ತು. ಬ್ರೇಕ್ ಬೀಳಲಿಲ್ಲ, ಗೇರ್ ಬಿತ್ತು. ಎಮ್ಮೆಗೆ ಏನೂ ಆಗ್ಲಿಲ್ಲ. ನಾನು ಚರಂಡೀಲಿ.

ಕಾಲಿಗೆ ಗೊತ್ತಾಗೋದು ತಲೆಗೆ ಗೊತ್ತಾಗಿ ಎಷ್ಟೋ ದಿನ ಆದ್ಮೇಲೆ. ಆ ಹುಡುಗ 300 ಚಿಲ್ಲರೆ ಕಿಲೋಮೀಟರ್ ಸ್ಪೀಡಲ್ಲಿ ಬೇರೆಯವನ ಬೈಕಲ್ಲಿ ಕೂತು 15ನೇ ಬಂದಿದ್ದಾನೆ ಅಂದ್ರೆ ಕೈ ಮುಗೀಬೇಕು.

ಗ್ರಾವೆಲ್ ಟ್ರ್ಯಾಪ್
ಮಾಮ 😂 ಎಮ್ಮೆ ಸುದ್ದಿ ಬಿಟ್ರೆ ಪಾಯಿಂಟ್ ಸರಿ ಇದೆ. ರೇಸ್ ಬೈಕಲ್ಲಿ ಇವತ್ತಿಗೂ ಗೇರ್ ನಮ್ಮ ರೋಡ್ ಬೈಕಿಗೆ ಉಲ್ಟಾನೇ, ಒಂದು ಮೇಲಕ್ಕೆ, ಉಳಿದದ್ದೆಲ್ಲ ಕೆಳಕ್ಕೆ. ತಿರುವಲ್ಲಿ ಪೂರ್ತಿ ಬಾಗಿರೋವಾಗ ಲಿವರ್ ಕೆಳಗೆ ಕಾಲು ತೂರಿಸಿ ಎತ್ತೋಕೆ ಜಾಗ ಇರಲ್ಲ, ಅದಕ್ಕೆ.

ಟೈರ್ ವಾರ್ಮರ್
ಬುಲೆಗಾ ವಿಷಯಕ್ಕೆ ಬರೋಣ. ಸೂಪರ್‌ಬೈಕ್ ಅಂದ್ರೆ ಪಿರೆಲ್ಲಿ ಟೈರು, ಸ್ಟೀಲ್ ಡಿಸ್ಕು. ಮೋಟೋ ಜಿಪಿ ಅಂದ್ರೆ ಮಿಶೆಲಿನ್ ಟೈರು, ಕಾರ್ಬನ್ ಡಿಸ್ಕು. ಕಾರ್ಬನ್ ಬ್ರೇಕ್ ಕಾದ ಮೇಲೆ ಹಿಡಿಯೋ ಹಿಡಿತಕ್ಕೆ ಸ್ಟೀಲ್ ಅಭ್ಯಾಸ ಇರೋನು ಬೆಚ್ಚಿ ಬೀಳ್ತಾನೆ. ಎಷ್ಟು ತಡವಾಗಿ ಹಿಡೀಬಹುದು ಅಂತ ನಂಬಿಕೆ ಬರೋದಕ್ಕೇ ಎರಡು ದಿನ ಬೇಕು. ತಡವಾಗಿ ಹಿಡಿಯೋದೇ ಇವತ್ತಿನ ರೇಸು. ಇದರ ಮೇಲೆ ತಿರುವು ದಾಟುತ್ತಿದ್ದ ಹಾಗೆ ಹಿಂಭಾಗ ಕೆಳಗಿಳಿಸೋ ಸಾಧನ, ಅದು ಸೂಪರ್‌ಬೈಕಲ್ಲಿ ಇಲ್ಲ. ಮುಂದಿನ ಟೈರಿನ ಒತ್ತಡ ನಿಯಮಕ್ಕಿಂತ ಇಳಿಯದ ಹಾಗೆ ನೋಡ್ಕೋಬೇಕು. ಮುಂದಿನವನ ಬಾಲ ಹಿಡಿದು ಹೋದ್ರೆ ಟೈರು ಕಾದು ಉಬ್ಬುತ್ತೆ, ಒಬ್ಬನೇ ಹೋದ್ರೆ ತಣ್ಣಗಾಗುತ್ತೆ.

ಇಷ್ಟೂ ಕಲಿಯೋಕೆ ಅವನಿಗೆ ಎಷ್ಟು ಹೊತ್ತು ಸಿಗುತ್ತೆ? ಶುಕ್ರವಾರ ಬೆಳಿಗ್ಗೆ 45 ನಿಮಿಷ, ಮಧ್ಯಾಹ್ನ ಒಂದು ಗಂಟೆ. ಆ ಮಧ್ಯಾಹ್ನದ ಟೈಮ್ ನೋಡಿಯೇ ಮೊದಲ ಹತ್ತು ಜನ ನೇರ ಎರಡನೇ ಅರ್ಹತಾ ಸುತ್ತಿಗೆ. ಶನಿವಾರ ಸ್ಪ್ರಿಂಟ್, ಅಂದ್ರೆ ಅರ್ಧ ದೂರದ ರೇಸು. ಬೇಲಿಸ್ ಕಾಲದಲ್ಲಿ ಸ್ಪ್ರಿಂಟೂ ಇರಲಿಲ್ಲ, ಈ ಸಾಧನಗಳೂ ಇರಲಿಲ್ಲ. 990 ಸಿಸಿ ಎಂಜಿನ್ನು, ದಪ್ಪ ಕೈ ಇದ್ರೆ ಸಾಕಿತ್ತು.

ಅಪೆಕ್ಸ್ ಅನುಪಮಾ
"ದಪ್ಪ ಕೈ ಇದ್ರೆ ಸಾಕಿತ್ತು" ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಬೇಲಿಸ್ ಕೂಡ ಪಿರೆಲ್ಲಿಯಿಂದ ಬ್ರಿಜ್‌ಸ್ಟೋನ್‌ಗೆ ಹಾರಿದವನೇ.

ಟೈರ್ ವಾರ್ಮರ್
ಒಪ್ಕೊಂಡೆ. ಆದ್ರೆ 2027ಕ್ಕೆ ಮೋಟೋ ಜಿಪಿಗೂ ಪಿರೆಲ್ಲಿ ಬರುತ್ತೆ, ಎಂಜಿನ್ 850 ಸಿಸಿ ಆಗುತ್ತೆ, ಹಿಂಭಾಗ ಇಳಿಸೋ ಸಾಧನಕ್ಕೆ ನಿಷೇಧ. ಆಗ ಸೂಪರ್‌ಬೈಕಿಂದ ಬದಲಿ ಬರೋನಿಗೆ ದಾರಿ ಸ್ವಲ್ಪ ಸಲೀಸು. ಬರೆದಿಟ್ಕೊಳ್ಳಿ.

ಕುಡ್ಲ ಕಾರ್ನರ್
ಎಂತ ಮಾರಾಯ್ರೆ, ಬೌಟಿಸ್ಟಾನನ್ನು ಎಲ್ಲರೂ ಮರೆತದ್ದಾ? 2018ರಲ್ಲಿ ಲೊರೆಂಜೊಗೆ ಪೆಟ್ಟಾದಾಗ ಫಿಲಿಪ್ ಐಲ್ಯಾಂಡಿನಲ್ಲಿ ಫ್ಯಾಕ್ಟರಿ ಡುಕಾಟಿ, ಅಂದ್ರೆ ಕಂಪನಿಯ ಸ್ವಂತ ತಂಡದ ಬೈಕ್ ಹತ್ತಿದ್ದು ಆಲ್ವರೊ ಬೌಟಿಸ್ಟಾ. ನಾಲ್ಕನೇ ಬಂದ! ಪೋಡಿಯಂ ಅಲ್ಲೇ ಕೈಗೆ ಸಿಗುವಷ್ಟು ದೂರ. ಚಂದ್ರು ಅವರೇ, ನಿಮ್ಮ ಗೆಳೆಯನಿಗೆ ಇದನ್ನು ಹೇಳಿ.

ಗ್ರಾವೆಲ್ ಟ್ರ್ಯಾಪ್
ಅದು ಬದಲಿ ಲೆಕ್ಕಕ್ಕೆ ಬರಲ್ಲ. ಬೌಟಿಸ್ಟಾ ಆ ವರ್ಷ ಪೂರ್ತಿ ಏಂಜೆಲ್ ನಿಯೆಟೊ ತಂಡದಲ್ಲಿ ಹಿಂದಿನ ವರ್ಷದ ಡುಕಾಟಿ ಓಡಿಸ್ತಿದ್ದ. ಪಕ್ಕದ ಗ್ಯಾರೇಜಿಂದ ಎದ್ದು ಬಂದು ಹೊಸ ಮಾಡೆಲ್ ಹತ್ತಿದ ಅಷ್ಟೇ.

ಕುಡ್ಲ ಕಾರ್ನರ್
ಪಕ್ಕದ ಮನೆಯಿಂದ ಬಂದರೂ ನೆಂಟ ನೆಂಟನೇ ಅಲ್ವಾ? ಲೊರೆಂಜೊ ಜಾಗದಲ್ಲಿ ಕೂತ, ಲೊರೆಂಜೊ ಬೈಕ್ ಓಡಿಸಿದ. ಬೌಟಿಸ್ಟಾ ಜಾಗಕ್ಕೆ ಬದಲಿಯಾಗಿ ಮೈಕ್ ಜೋನ್ಸ್ ಬಂದ. ಬದಲಿಗೆ ಬದಲಿ.

ಹುಬ್ಳಿ ಹ್ಯಾಂಡಲ್‌ಬಾರ್
ಹಂಗಂದ್ರ ಗೆಲ್ಲೂ ಬದಲಿ ಬೇಕಂದ್ರ ಬ್ಯಾರೆ ಸರಣಿಯಿಂದ ತರಬ್ಯಾಡ್ರಿ, ಗ್ರಿಡ್ ಮ್ಯಾಲಿಂದs ಎತ್ತಿ ಕೂಡಸ್ರಿ ಅಂತಾತು. ಆದ್ರ ಅವನ ತಂಡದವ್ರು ಯಾಕ ಬಿಡ್ತಾರ? 2018ರಾಗ ಅದು ಆ ತಂಡದ ಕಡೀ ವರ್ಷ, ಬೌಟಿಸ್ಟಾನೂ ಸೂಪರ್‌ಬೈಕಿಗೆ ಹೊಂಟಿದ್ದ, ಬಿಟ್ರು.

ಬಾಳೆಹೊನ್ನೂರು ಬ್ರೇಕ್‌ಡಸ್ಟ್
ಡ್ಯಾನಿ ಪೆಡ್ರೊಸಾ? 2023ರಲ್ಲಿ ಮಿಸಾನೊದಲ್ಲಿ ಕೆಟಿಎಂ ಹತ್ತಿ ಸ್ಪ್ರಿಂಟಲ್ಲೂ ನಾಲ್ಕನೇ, ಭಾನುವಾರವೂ ನಾಲ್ಕನೇ. ನಿವೃತ್ತಿಯಾಗಿ ಐದು ವರ್ಷ ಆದಮೇಲೆ.

ಅಪೆಕ್ಸ್ ಅನುಪಮಾ
ಅದು ವೈಲ್ಡ್‌ಕಾರ್ಡ್, ಒಂದು ರೇಸಿಗೆ ಅಂತ ಸಿಗೋ ಹೆಚ್ಚುವರಿ ಜಾಗ. ಯಾರ ಜಾಗಕ್ಕೂ ಬಂದಿದ್ದಲ್ಲ. ವೈಲ್ಡ್‌ಕಾರ್ಡ್‌ಗೆ ತಿಂಗಳುಗಟ್ಟಲೆ ಮೊದಲೇ ತಯಾರಿ, ಬೈಕು ಅವನಿಗೇ ಅಂತ ಕಟ್ಟಿದ್ದು, ಎಂಜಿನ್ ಲೆಕ್ಕವೂ ಬೇರೆ. ಬದಲಿಗೆ ಬರೋನು ಗಾಯಾಳುವಿನ ಪಾಲಿನ ಎಂಜಿನ್ನೇ ಬಳಸಬೇಕು. ಅವನಿಗೆ ಬಂದ ಅಂಕ ಅವನ ಹೆಸರಿಗೇ, ಗಾಯಾಳುವಿನ ಖಾತೆಗಲ್ಲ. ಆದ್ರೆ ತಂಡದ ಲೆಕ್ಕಕ್ಕೆ ಸೇರುತ್ತೆ.

ಚಿಕನ್‌ಸ್ಟ್ರಿಪ್ ಚಂದ್ರು
ತಂಡಗಳು ಬದಲಿಯನ್ನ ತರಲೇಬೇಕಾ? ಜಾಗ ಖಾಲಿ ಬಿಟ್ರೆ ಏನಾಗುತ್ತೆ?

ಅಪೆಕ್ಸ್ ಅನುಪಮಾ
ಸವಾರ ಹಿಂದೆ ಸರಿದ ಹತ್ತು ದಿನದೊಳಗೆ ಬದಲಿ ತರೋಕೆ ಪ್ರಾಮಾಣಿಕ ಪ್ರಯತ್ನ ಮಾಡ್ಬೇಕು ಅಂತ ನಿಯಮ. ಅದಕ್ಕೇ ನೋಡಿ, ಶನಿವಾರ ಬಿದ್ದವನ ಜಾಗ ಭಾನುವಾರ ಖಾಲಿಯೇ ಇರುತ್ತೆ, ಎರಡು ವಾರ ಆದ್ಮೇಲೆ ಹೊಸ ಮುಖ ಬರುತ್ತೆ.

ಬಾಳೆಹೊನ್ನೂರು ಬ್ರೇಕ್‌ಡಸ್ಟ್
ಬದಲಿ ಸವಾರನ ದೊಡ್ಡ ಶತ್ರು ಟೈರೂ ಅಲ್ಲ ಬ್ರೇಕೂ ಅಲ್ಲ. ಗಾಯಾಳು ವಾಪಸ್ ಬಂದುಬಿಡೋದು! 2013ರಲ್ಲಿ ಅಸೆನ್‌ನಲ್ಲಿ ಗುರುವಾರ ಲೊರೆಂಜೊ ಕಾಲರ್ ಬೋನ್ ಮುರ್ಕೊಂಡ. ವಿಮಾನ ಹತ್ತಿ ಬಾರ್ಸಿಲೋನಾಕ್ಕೆ ಹೋಗಿ ಪ್ಲೇಟ್ ಹಾಕಿಸ್ಕೊಂಡು ಬಂದು ಶನಿವಾರದ ರೇಸಲ್ಲಿ ಐದನೇ ಬಂದ. ನಮ್ಮಲ್ಲಿ ಕಾಲು ಉಳುಕಿದ್ರೆ ಒಂದು ವಾರ ರಜೆ.

2017ರಲ್ಲಿ ರೋಸಿ ಕಾಲು ಮುರ್ಕೊಂಡಾಗ ಅರಗಾನ್‌ಗೆ ಬದಲಿ ಅಂತ ಮೈಕೆಲ್ ವ್ಯಾನ್ ಡರ್ ಮಾರ್ಕ್ ಹೆಸರು ಘೋಷಣೆ ಆಗಿತ್ತು. ರೋಸಿ 22 ದಿನಕ್ಕೆ ಎದ್ದು ಬಂದು ಮೂರನೇ ಜಾಗದಿಂದ ಹೊರಟು ಐದನೇ ಬಂದ. 2020ರಲ್ಲಿ ಗ್ಯಾರೆಟ್ ಗರ್ಲಾಫ್ ಕಥೆ ಇನ್ನೂ ಪಾಪ. ರೋಸಿಗೆ ಕೊರೊನಾ ಅಂತ ವೆಲೆನ್ಸಿಯಾದಲ್ಲಿ ಶುಕ್ರವಾರ ಅಭ್ಯಾಸ ಮಾಡಿದ. ರೋಸಿ ಪರೀಕ್ಷೆ ನೆಗೆಟಿವ್ ಬಂತು. ಶನಿವಾರ ಗರ್ಲಾಫ್ ಎದ್ದು ಜಾಗ ಬಿಟ್ಟ. ಮದುವೆ ಮನೇಲಿ ಎಲೆ ಹಾಕಿ ಪಲ್ಯ ಬಡಿಸಿ ಎಬ್ಬಿಸಿದ ಹಾಗೆ.

ಗ್ರಾವೆಲ್ ಟ್ರ್ಯಾಪ್
ವಾಪಸ್ ಬರೋ ಅವಸರ ಯಾವಾಗ್ಲೂ ಒಳ್ಳೇದಲ್ಲ. 2020ರ ಜುಲೈನಲ್ಲಿ ಹೆರೆಸ್‌ನಲ್ಲಿ ಮಾರ್ಕೆಜ್ ತೋಳು ಮುರ್ಕೊಂಡು, ಆಪರೇಷನ್ ಆಗಿ ನಾಲ್ಕೇ ದಿನಕ್ಕೆ ಬೈಕ್ ಹತ್ತಿದ. ಆಗಲ್ಲ ಅಂತ ಇಳಿದ. ಆಮೇಲೆ ಮನೇಲಿ ಕಿಟಕಿ ತೆಗೆಯೋವಾಗ ಪ್ಲೇಟ್ ಮುರೀತು. ವರ್ಷವೇ ಹೋಯ್ತು. ಬದಲಿಗೆ ಸ್ಟೀಫನ್ ಬ್ರಾಡ್ಲ್. ಅವನ ಅತ್ಯುತ್ತಮ ಕಡೇ ರೇಸಲ್ಲಿ, ಪೋರ್ಟಿಮಾವ್‌ನಲ್ಲಿ ಏಳನೇದು. ಗಮನಿಸಿ, ಕಡೇ ರೇಸಲ್ಲಿ! ಹತ್ತಾರು ರೇಸ್ ಓಡಿದ ಮೇಲೆ ಕೈ ಕೂತಿತು.

ಹುಬ್ಳಿ ಹ್ಯಾಂಡಲ್‌ಬಾರ್
ಪೋರ್ಟಿಮಾವ್ ಆ ವರ್ಷ ಎಲ್ಲಾರಿಗೂ ಹೊಸಾ ಟ್ರ್ಯಾಕ್. ಅದನ್ನೂ ಹೇಳ್ರಿ. ಎಲ್ಲಾರೂ ಹೊಸಬರಾದಾಗ ಬದಲಿಯವಗ ನಷ್ಟ ಕಡಿಮಿ.

ಗ್ರಾವೆಲ್ ಟ್ರ್ಯಾಪ್
ಅರೆ ಹೌದು. ಒಳ್ಳೇ ಪಾಯಿಂಟು.

ಕುಡ್ಲ ಕಾರ್ನರ್
ಅನುಪಮಾ ಅವರು ಬೇಲಿಸ್ ತನ್ನ ಹುಡುಗರನ್ನು ಕರ್ಕೊಂಡು ಬಂದ ಅಂದ್ರಲ್ಲ, ನನಗೆ ಅದೇ ಮುಖ್ಯ ಅನ್ನಿಸುದು. ನಮ್ಮೂರಿನ ಬಯಲಾಟದಲ್ಲಿ ಒಂದು ಸಲ ಭೀಮನ ವೇಷದವರಿಗೆ ಜೋರು ಜ್ವರ. ಚೌಕಿಯಲ್ಲಿ ಬೇರೆ ಮೇಳದವರೊಬ್ಬರು ಆಟ ನೋಡ್ಲಿಕ್ಕೆ ಬಂದು ಕೂತಿದ್ದರು, ಅವರಿಗೇ ಬಣ್ಣ ಹಚ್ಚಿದರು. ಒಳ್ಳೆಯ ಕಲಾವಿದರೇ. ಅರ್ಥ ಪೂರ್ತಿ ಬಾಯಿಗೆ ಬರ್ತಿತ್ತು. ಆದರೆ ಭಾಗವತರು ಎಲ್ಲಿ ಪದ ಎಳೀತಾರೆ, ಚೆಂಡೆಯವರು ಎಲ್ಲಿ ಬಿಡ್ತಾರೆ ಅಂತ ಅವರಿಗೆ ಅಂದಾಜಿಲ್ಲ. ಮೊದಲ ಅರ್ಧ ಗಂಟೆ ಕುಣಿತಕ್ಕೂ ಪದಕ್ಕೂ ಒಂದು ಹೆಜ್ಜೆ ಅಂತರ. ನಾವು ಮಕ್ಕಳು, ನಮಗೇ ಗೊತ್ತಾಗ್ತಿತ್ತು. ಬೆಳಗಿನ ಜಾವಕ್ಕೆ ಸರಿಯಾಯ್ತು, ಅಷ್ಟರಲ್ಲಿ ಮಂಗಳ.

ಪಿಟ್‌ನಲ್ಲಿ ಕ್ರೂ ಚೀಫ್ (ಮೆಕ್ಯಾನಿಕ್‌ಗಳ ಮುಖ್ಯಸ್ಥ) ಅಂದ್ರೆ ಭಾಗವತ. ಸವಾರ "ಮುಂದೆ ಸ್ವಲ್ಪ ಜಾರ್ತದೆ" ಅಂದರೆ ಆ "ಸ್ವಲ್ಪ" ಎಷ್ಟು ಅಂತ ಅವನಿಗೆ ಗೊತ್ತಿರಬೇಕು. ಮಾರ್ಕೆಜನ "ಸ್ವಲ್ಪ" ಬೇರೆ, ಬುಲೆಗಾನ "ಸ್ವಲ್ಪ" ಬೇರೆ.

ಯೆಜ್ಡಿ ಮಾಮ, ಮೈಸೂರು
ಈ ಪೋಸ್ಟ್‌ಗೆ ನೂರು ಲೈಕ್ ಕೊಡೋ ಹಾಗಿದ್ರೆ ಕೊಡ್ತಿದ್ದೆ.

ಸ್ಲಿಪ್‌ಸ್ಟ್ರೀಮ್ ಸೀನ
ಕಂಬಳದಲ್ಲಿ ಒಬ್ಬನೇ ಓಟಗಾರ ಬೇರೆ ಬೇರೆ ಯಜಮಾನರ ಕೋಣ ಓಡಿಸಿ ಪದಕ ಗೆಲ್ತಾನಲ್ಲ, ಅವರನ್ನ ಕಳಿಸಿ ಡುಕಾಟಿಗೆ 😄

ಕುಡ್ಲ ಕಾರ್ನರ್
ಕೋಣಕ್ಕೆ ಟೈರ್ ಒತ್ತಡದ ನಿಯಮ ಇಲ್ಲ ಮಾರಾಯ್ರೆ.

ಸ್ಲಿಪ್‌ಸ್ಟ್ರೀಮ್ ಸೀನ
ಸೀರಿಯಸ್ ಆಗಿ ಕೇಳ್ತೀನಿ, ಫಾರ್ಮುಲಾ ಒನ್ ಕಾರಲ್ಲಿ ಆಗುತ್ತಲ್ಲ? 2024ರಲ್ಲಿ ಜೆಡ್ಡಾದಲ್ಲಿ ಸೈನ್ಜ್‌ಗೆ ಅಪೆಂಡಿಕ್ಸ್ ಅಂತ 18 ವರ್ಷದ ಬೇರ್‌ಮನ್‌ನ ಫೆರಾರಿಯಲ್ಲಿ ಕೂರಿಸಿದ್ರು. ಒಂದೇ ಅಭ್ಯಾಸ ಸುತ್ತು ಸಿಕ್ಕಿದ್ದು, ಏಳನೇ ಬಂದ. ಬೈಕಲ್ಲಿ ಯಾಕಾಗಲ್ಲ?

ಟೈರ್ ವಾರ್ಮರ್
ಕಾರಲ್ಲಿ ನೀನು ಸೀಟಲ್ಲಿ ಕೂತಿರ್ತೀಯ. ಬೈಕಲ್ಲಿ ನೀನೇ ಅರ್ಧ ಸಸ್ಪೆನ್ಷನ್ನು. ಬೈಕ್ ತೂಕ 157 ಕಿಲೋ, ಮೇಲೆ ನೀನು 65. ನೀನು ಒಂದಿಂಚು ಹಿಂದೆ ಕೂತರೆ ಇಡೀ ಸೆಟ್ಟಿಂಗ್ ಬದಲು.

ನಿರ್ವಾಹಕ
ಕಾರಿನ ಚರ್ಚೆಗೆ ಬೇರೆ ವಿಭಾಗ ಇದೆ. ದಯವಿಟ್ಟು ಇಲ್ಲಿ ಬೈಕ್ ಮಾತ್ರ.

ಸ್ಲಿಪ್‌ಸ್ಟ್ರೀಮ್ ಸೀನ
ಕೋಣ ಓಕೆನಾ?

ಬೆಳಂದೂರು ಬೈಪಾಸ್
ನಾನು 2023ರ ಸೆಪ್ಟೆಂಬರ್‌ನಲ್ಲಿ ಬುದ್ಧ ಸರ್ಕ್ಯೂಟಿಗೆ ಮೋಟೋ ಜಿಪಿ ನೋಡೋಕೆ ಹೋಗಿದ್ದೆ. ಬೆಂಗಳೂರಿಂದ ನಾವು ಆರು ಜನ. ಆ ಸೆಕೆ ಬಗ್ಗೆ ಹೇಳ್ಬೇಕು. ಬಿಸಿಲಿಗೆ ರೇಸನ್ನೇ 24 ಲ್ಯಾಪಿಂದ 21ಕ್ಕೆ ಇಳಿಸಿದ್ರು. ಎರಡನೇ ಬಂದ ಮಾರ್ಟಿನ್ ಮುಗಿಯೋ ಹೊತ್ತಿಗೆ ಬಸವಳಿದು ಹೋಗಿದ್ದ. ಬಾಸ್ಟಿಯಾನಿನಿ ಬದಲಿಗೆ ಪಿರೋ, ರಿನ್ಸ್ ಬದಲಿಗೆ ಬ್ರಾಡ್ಲ್ ಇದ್ರು. ನಮ್ಮ ಗುಂಪಲ್ಲಿ ಯಾರೂ ಅವರಿಬ್ಬರ ಕಡೆ ನೋಡ್ಲಿಲ್ಲ, ನಾನೂ ಸೇರಿ. ಈಗ ಯೋಚನೆ ಮಾಡಿದ್ರೆ, ವಾರಕ್ಕೊಂದು ರೇಸ್ ಓಡೋರಿಗೇ ಆ ಗತಿ. ವರ್ಷಕ್ಕೆ ನಾಲ್ಕೈದು ಸಲ ಗ್ರಿಡ್‌ಗೆ ಬರೋರು ಆ ಬಿಸಿಲಲ್ಲಿ ಹೇಗೆ ಓಡಿಸಿದ್ರೋ. ಟೆಸ್ಟ್ ಸವಾರ ಒಂಟಿಯಾಗಿ ಲ್ಯಾಪ್ ಹಾಕ್ತಾನೆ, ನಿಲ್ತಾನೆ, ವರದಿ ಕೊಡ್ತಾನೆ. ಇಪ್ಪತ್ತು ಜನರ ಮಧ್ಯೆ ಮೊದಲ ತಿರುವಿಗೆ ನುಗ್ಗೋ ಅಭ್ಯಾಸ ತಪ್ಪಿ ಹೋಗಿರುತ್ತೆ.

ಹುಬ್ಳಿ ಹ್ಯಾಂಡಲ್‌ಬಾರ್
ಮತ್ತ ಬಿದ್ದು ಬೈಕ್ ಮುರದ್ರ ಇಂಜಿನಿಯರ್‌ಗಳ ಮುಖ ಮತ್ತ ಸೋಮವಾರ ನೋಡಬೇಕಲ್ರಿ. ಪಿರೋ 2013ರಿಂದ ಅಲ್ಲೇ ಟೆಸ್ಟ್ ಸವಾರ. ಅವ ಗೆಲ್ಲಾಕ ಬಂದಿಲ್ಲ, ಬೈಕ್ ಸುರಳೀತ ಮನಿಗೆ ಮುಟ್ಟಸಾಕ ಬಂದಾನ. ಇದು ನನ್ನ ಅಭಿಪ್ರಾಯ, ಜಗಳಕ್ಕ ಬರಬ್ಯಾಡ್ರಿ.

ಗ್ರಾವೆಲ್ ಟ್ರ್ಯಾಪ್
ಜಗಳಕ್ಕೇ ಬಂದೆ. 2012ರಲ್ಲಿ ಸ್ಟೋನರ್ ಬದಲಿಗೆ ಜೊನಾಥನ್ ರಿಯಾ ರೆಪ್ಸೋಲ್ ಹೋಂಡಾ ಹತ್ತಿದ. ಸೂಪರ್‌ಬೈಕ್ ಸವಾರ. ಮಿಸಾನೊದಲ್ಲಿ ಎಂಟನೇ, ಅರಗಾನ್‌ನಲ್ಲಿ ಏಳನೇ. ಎರಡೇ ರೇಸು, ಒಂದೂ ತಪ್ಪಿಲ್ಲ. ಆದ್ರೂ ಮೋಟೋ ಜಿಪಿಯಲ್ಲಿ ಕಾಯಂ ಸೀಟ್ ಸಿಗ್ಲೇ ಇಲ್ಲ. ಆಮೇಲೆ ಸೂಪರ್‌ಬೈಕಲ್ಲಿ ಸಾಲಾಗಿ ಆರು ಸಲ ಚಾಂಪಿಯನ್ ಆದ. ಹುಷಾರಾಗಿ ಓಡಿಸಿದ್ರೆ "ಪರವಾಗಿಲ್ಲ" ಅಂತಾರೆ, ಬಿದ್ರೆ "ನೋಡಿದ್ರಾ" ಅಂತಾರೆ. ಎರಡರಲ್ಲೂ ಸೀಟ್ ಇಲ್ಲ ಅಂದ್ಮೇಲೆ ಹುಷಾರಾಗಿ ಯಾಕೆ ಓಡಿಸ್ಬೇಕು?

ಅಪೆಕ್ಸ್ ಅನುಪಮಾ
ಯಾಕಂದ್ರೆ ಬಿದ್ರೆ ಮೂಳೆ ಅವನದ್ದು.

ನಂಗೆ ನೆನಪಾಗೋದು ನಿಕಿ ಹೇಡನ್. 2006ರ ವೆಲೆನ್ಸಿಯಾದಲ್ಲಿ ಬದಲಿ ಸವಾರ ಗೆದ್ದಾಗ ಪಕ್ಕದಲ್ಲಿ ನಿಂತು ಅತ್ತವನು. ಹತ್ತು ವರ್ಷ ಆದ್ಮೇಲೆ, 2016ರಲ್ಲಿ ತಾನೇ ಬದಲಿಯಾಗಿ ಬಂದ. ಅರಗಾನ್‌ನಲ್ಲಿ ಜ್ಯಾಕ್ ಮಿಲ್ಲರ್ ಜಾಗಕ್ಕೆ ಬಂದು 15ನೇದು, ಒಂದು ಅಂಕ. ನಿನ್ನೆ ಬುಲೆಗಾಗೆ ಸಿಕ್ಕಿದ್ದೂ ಅಷ್ಟೇ ನೋಡಿ. ಆಮೇಲೆ ಫಿಲಿಪ್ ಐಲ್ಯಾಂಡ್‌ನಲ್ಲಿ ಪೆಡ್ರೊಸಾ ಬದಲಿಗೆ, ತಾನು ಚಾಂಪಿಯನ್ ಆಗಿದ್ದ ಅದೇ ರೆಪ್ಸೋಲ್ ಬಣ್ಣದಲ್ಲಿ. 17ನೇದು. ಅದೇ ಅವನ ಕಡೇ ಮೋಟೋ ಜಿಪಿ. ಮುಂದಿನ ಮೇ ತಿಂಗಳಲ್ಲಿ ಸೈಕಲ್ ಅಪಘಾತದಲ್ಲಿ ಹೋದ.

ಬಾಳೆಹೊನ್ನೂರು ಬ್ರೇಕ್‌ಡಸ್ಟ್
ಅದನ್ನ ನೆನಪಿಸಬಾರದಿತ್ತು ನೀವು.

ಚಿಕನ್‌ಸ್ಟ್ರಿಪ್ ಚಂದ್ರು
ಎಲ್ಲ ಓದಿದೆ. ಗೆಳೆಯನಿಗೂ ಲಿಂಕ್ ಕಳಿಸಿದೆ. ಅವನು ಓದಿ, "ನೋಡು, ಬೈಕ್ ಅಲ್ಲ, ಮಾರ್ಕೆಜ್ ಗೆದ್ದಿದ್ದು ಅಂತ ನಾನು ಹೇಳಿದ್ದೇ ಸರಿ" ಅಂತಾನೆ. ಪಂದ್ಯ ಅದಕ್ಕೆ ಕಟ್ಟಿದ್ದೇ ಅಲ್ಲ!

ಟೈರ್ ವಾರ್ಮರ್
ಆ ಮಾತಿಗೆ ಬದಲಿ ಸವಾರರೇ ಬೇಕಿಲ್ಲ. ಅದೇ ಫ್ಯಾಕ್ಟರಿ ಡುಕಾಟಿಯಲ್ಲಿ ಮಾರ್ಕೆಜ್ ಜೊತೆಗಾರ ಬನ್ಯಾಯಾ ಮೋಟೆಗಿಯಲ್ಲಿ ಸ್ಪ್ರಿಂಟೂ ರೇಸೂ ಗೆದ್ದ. ಮುಂದಿನ ವಾರ ಮಂಡಲಿಕಾ ಸ್ಪ್ರಿಂಟಲ್ಲಿ ಕಡೆಯವನಾಗಿ ಬಂದ. ಕಾಯಂ ಸವಾರನೇ ವಾರಕ್ಕೊಂದು ಥರ ಇದ್ರೆ ಬುಲೆಗಾನ ಯಾಕೆ ಬೈತೀರಿ?

ಕುಡ್ಲ ಕಾರ್ನರ್
ಚಂದ್ರು ಅವರೇ, ಈ ಭಾನುವಾರ ಬುಲೆಗಾ ಓಡಿಸುದು ವೆಲೆನ್ಸಿಯಾದಲ್ಲಿ. ಬೇಲಿಸ್ ಗೆದ್ದ ಅದೇ ಸರ್ಕ್ಯೂಟು, ಅದೇ ಕಡೇ ರೇಸು, ಡುಕಾಟಿಯೇ. ಕಾಫಿ ದುಡ್ಡು ಭಾನುವಾರ ಸಂಜೆವರೆಗೆ ಕೊಡ್ಬೇಡಿ.

ಹುಬ್ಳಿ ಹ್ಯಾಂಡಲ್‌ಬಾರ್
ಈಗs ಕೊಟ್ಟುಬಿಡ್ರಿ. ಸೋಮವಾರ ಬಡ್ಡಿ ಕೇಳ್ತಾನವ.

ಸ್ಲಿಪ್‌ಸ್ಟ್ರೀಮ್ ಸೀನ
ಯೆಜ್ಡಿ ಮಾಮ, ಒಂದು ಡೌಟು. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್ ಅಲ್ವಾ? ನಿಮ್ಮ ಭಾವಮೈದುನ ನಿಮ್ಮ ಗಾಡಿ ಹತ್ತಿದ್ರೆ ಏನಾಗ್ತಿತ್ತು?

ಯೆಜ್ಡಿ ಮಾಮ, ಮೈಸೂರು
ಹತ್ತಿದ್ದ. ಅರ್ಧ ಗಂಟೆ ಕಿಕ್ಕರ್ ಹುಡುಕ್ತಾ ಇದ್ದ. ನಾನು ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ದೆ, ಹೇಳ್ಲಿಲ್ಲ.